ಒಡೆಯರ ಹುಬ್ಬು

ಅಸಮಾಂ ಊರಿನ ಒಡೆಯರಾದ, ಜನ ಗೌರವದಿಂದ ನಾನಾ ಎಂದೇ ಕರೆಯುವ ಒಫೋಸುಹೆನೆ ಒಂದು ಬೆಳಿಗ್ಗೆ ಜೋಳದ ಗಂಜಿ ಕುಡಿಯಲು ಕೂತರೆ, ಅರ್ಧ ಗಂಜಿ ಬಾಯಿಯ ಎಡಮೂಲೆಯಿಂದ ಹೊರಕ್ಕೇ ಬಂತು. ಕನ್ನಡಿ ತರಿಸಿ ನೋಡಿಕೊಂಡರು. ಮುಖದ ಎಡಭಾಗ ಜೋತುಬಿದ್ದಿತ್ತು. ಮಧ್ಯಾಹ್ನದೊಳಗೆ ಒಡೆಯರಿಗೆ ಲಕ್ವ ಹೊಡೆದಿದೆ ಎಂದು ಸಂತೆಯ ಟೊಮೇಟೊ ಮಾರುವವರಿಗೂ ಗೊತ್ತಾಗಿತ್ತು.

ಅಸಾಂಟೆ ಸೀಮೆಯಲ್ಲಿ ಅಂಗ ಊನವಾದವರು ಪೀಠದ ಮೇಲೆ ಕೂರುವಂತಿಲ್ಲ. ಅಲ್ಲಿ ಪೀಠ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ. ಆ ಸೋದರಳಿಯ ಡಾಂಕ್ವಾ ವರ್ಷಗಳಿಂದ ಬಾಯಲ್ಲಿ ನೀರೂರಿಸಿಕೊಂಡು ಕಾದಿದ್ದ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹಿರಿಯರನ್ನೆಲ್ಲ ಸೇರಿಸಿಬಿಟ್ಟ. ಹಿರಿಯರು ಮಾತ್ರ ದುಡುಕಲಿಲ್ಲ. ಮಿದುಳಿಗೇ ಪೆಟ್ಟು ಬಿದ್ದಿದ್ದರೆ ಮುಖ ನೆಟ್ಟಗಾಗುವುದನ್ನು ನಂಬುವಂತಿಲ್ಲ, ಒಡೆಯರು ಇಳಿಯಲಿ. ಬರೀ ಮುಖದ ನರ ಕೆಟ್ಟಿದ್ದರೆ ವಾಸಿಯಾಗುತ್ತದೆ, ಮುಂದಿನ ಊರಹಬ್ಬದವರೆಗೆ ಕಾಯೋಣ, ಆಗಲೂ ನೆಟ್ಟಗಾಗದಿದ್ದರೆ ಇಳಿಸೋಣ. ಯಾವುದೆಂದು ಡಾಕ್ಟರು ಸಂಜೆಯೊಳಗೆ ಹೇಳಲಿ ಎಂದರು.

ಡಾಕ್ಟರೆಂದರೆ ಅಬ್ರಾಫಿ. ಅದೇ ಊರಲ್ಲಿ ಹುಟ್ಟಿ ಬೆಳೆದು, ಓದು ಮುಗಿಸಿ, ಅಲ್ಲಿನ ಸಣ್ಣ ಆಸ್ಪತ್ರೆಗೆ ಈಚೆಗಷ್ಟೇ ಬಂದವಳು. ತಲೆಯೊಳಗಿನ ಚಿತ್ರ ತೆಗೆಯುವ ಯಂತ್ರವಿರುವುದು ದೂರದ ಕುಮಾಸಿ ಪಟ್ಟಣದಲ್ಲಿ. ಮುಖ ಮುಚ್ಚಿಕೊಂಡು ಊರುಬಿಟ್ಟರೆ ಸೋಲೊಪ್ಪಿಕೊಂಡ ಹಾಗೆ ಎಂದು ಒಡೆಯರು ಹೊರಡಲೊಪ್ಪಲಿಲ್ಲ. ಅಬ್ರಾಫಿಗೂ ಅದರಿಂದ ತಲೆಬಿಸಿಯಾಗಲಿಲ್ಲ. ಕೈಕಾಲು ಗಟ್ಟಿಯಾಗಿವೆ, ಆಸ್ಪತ್ರೆಗೆ ನಡೆದೇ ಬಂದಿದ್ದಾರೆ. ಉಳಿದ ಉತ್ತರ ಹಣೆಯಲ್ಲಿತ್ತು. ಹಣೆಗೆ ಮಿದುಳಿನ ಎರಡೂ ಪಾಲಿನಿಂದ ಅಪ್ಪಣೆ ಬರುತ್ತದೆ. ಹಾಗಾಗಿ ಪೆಟ್ಟು ಮಿದುಳಿಗಾದರೆ ಕೆನ್ನೆ ತುಟಿ ಜೋತರೂ ಹುಬ್ಬು ಎರಡೂ ಏಳುತ್ತವೆ. ಕಿವಿಯ ಹಿಂದಿನಿಂದ ಮುಖಕ್ಕೆ ಬರುವ ನರವೇ ಕೆಟ್ಟಿದ್ದರೆ ಆ ಬದಿಯ ಹುಬ್ಬೂ ಸತ್ತಂತೆ ಬಿದ್ದಿರುತ್ತದೆ. ಹುಬ್ಬು ಏಳದಿದ್ದರೇ ಶುಭ. ಒಡೆಯರಿಗೆ ಹುಬ್ಬೆತ್ತಿ ಎನ್ನಬೇಕು, ಅಷ್ಟೇ ತಾನೇ ಅಂದುಕೊಂಡಳು ಪಾಪ.

ಮಿದುಳಿನಿಂದ ನೇರ ಹೊರಡುವ ನರಗಳು ಹನ್ನೆರಡು ಜೋಡಿ. ಅವುಗಳ ಪರೀಕ್ಷೆಯ ಕ್ರಮ ಬರೆದ ಮಹಾನುಭಾವ ಯಾರೋ, ಅಸಾಂಟೆ ಒಡೆಯರೊಬ್ಬರನ್ನೂ ಕಂಡವನಲ್ಲ. ಕಣ್ಣಲ್ಲಿ ಕಣ್ಣಿಡು, ಕೆನ್ನೆ ಮುಟ್ಟು, ಹಲ್ಲು ಕಿರಿಸು, ಹೆಗಲು ಕುಣಿಸು, ನಾಲಿಗೆ ಚಾಚಿಸು. ಹಿರಿಯರ ಮುಂದೆ ಮಾಡಬಾರದ್ದನ್ನೆಲ್ಲ ಒಂದೂ ಬಿಡದೆ ಹಿರಿಯರಿಂದಲೇ ಮಾಡಿಸಬೇಕು. ಸಾಲದ್ದಕ್ಕೆ, ಒಡೆಯರೊಡನೆ ನೇರ ಮಾತಿಲ್ಲ. ನಡುವೆ ಅವರ ಮಾತುಗಾರ ಬೊನ್ಸು ಚಿನ್ನದ ಹಿಡಿಯ ಕೋಲು ಹಿಡಿದು ನಿಂತಿರುತ್ತಾನೆ.

"ನಾನಾ, ನನ್ನ ಬೆರಳನ್ನೇ ನೋಡ್ತಾ ಇರಿ," ಅಂದಳು ಅಬ್ರಾಫಿ.

"ಏನಮ್ಮಾ ಇದು!" ಬೊನ್ಸು ಕೋಲು ಕುಟ್ಟಿದ. "ನಾನಾ ಬೆರಳು ತೋರಿಸಿದ ಕಡೆ ಊರೇ ನೋಡತ್ತೆ. ನೀನು ತೋರಿಸಿದ ಕಡೆ ನಾನಾ ನೋಡ್ಬೇಕಾ?"

"ಹೋಗ್ಲಿ, ನಾಲಿಗೆ ಹೊರಗೆ ಚಾಚೋಕೆ ಹೇಳಿ."

"ಅಯ್ಯಯ್ಯೋ, ಎಂಥಾ ಮಾತಾಡ್ತೀಯಲ್ಲೇ ತಾಯಿ! ನಾನಾ ಅವರ ಬಾಯಿ ಅಂದ್ರೆ ನಾನು. ತಗೋ, ನೋಡು." ಅವನೇ ನಾಲಿಗೆ ಚಾಚಿದ. ಅಡಿಕೆಯ ಹಾಗೆ ಕೋಲಾ ಬೀಜ ಅಗಿದು ಅಗಿದು ಅದು ಕೆಂಪಾಗಿತ್ತು. "ನೆಟ್ಟಗಿದೆ ತಾನೇ? ಬರ್ಕೋ."

"ಬಾಯಿ ನೀವೇ ತಾತ, ಒಪ್ಕೊಂಡೆ. ಹಣೆನೂ ನೀವೇನಾ? ನಂಗೆ ಬೇಕಿರೋದು ನಾನಾ ಅವರ ಹುಬ್ಬು. ಮೇಲಕ್ಕೆತ್ತಬೇಕು, ಅಷ್ಟೆ."

ಬೊನ್ಸು ಒಡೆಯರ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಆನೆಯ ಬೆನ್ನಿನಂಥವರೇ, ಬಿರುಗಾಳಿಗೆ ಬಾಗದ ಮರದಂಥವರೇ, ತಮ್ಮ ಹಣೆಗೆ ಬಿಡುವಿದ್ದರೆ ಎಂದು ಉದ್ದಕ್ಕೆ ಒಪ್ಪಿಸಿದ. ಕೊನೆಗೆ ಹುಬ್ಬಿನ ಮಾತೇ ಬಿಟ್ಟುಹೋಯಿತು. ಒಡೆಯರು ಕಲ್ಲಿನಂತೆ ಕೂತಿದ್ದರು. ಸಭೆಯಲ್ಲಿ ಮುಖ ಆಡಿಸದಿರುವುದು ಅವರಿಗೆ ಜೀವಮಾನದ ಅಭ್ಯಾಸ. ಒಮ್ಮೆ ನ್ಯಾಯ ಹೇಳುವಾಗ ಮೇಕೆಯೊಂದು ತೊಡೆ ಹತ್ತಿದರೂ ಅವರ ಮುಖದಲ್ಲಿ ಒಂದು ಗೆರೆ ಮೂಡಿರಲಿಲ್ಲವಂತೆ.

ಬಾಗಿಲಿಗೊರಗಿ ನಿಂತಿದ್ದ ಡಾಂಕ್ವಾ ಕಿಸಕ್ಕನೆ ನಕ್ಕ. "ಗೊತ್ತಾಗ್ಲಿಲ್ಲ ಅಂತ ಹೇಳ್ಬಿಡು ಡಾಕ್ಟ್ರಮ್ಮ. ಹೊತ್ತು ಮುಳುಗ್ತಾ ಬಂತು, ಹೊರಗೆ ಕಾದಿರೋ ಹಿರಿಯರು ಎದ್ದು ಹೋಗ್ತಾರೆ."

ಅಬ್ರಾಫಿ ಒಡೆಯರತ್ತ ನೋಡಿದಳು. ಮುಖ ಅಲುಗಿರಲಿಲ್ಲ, ಆದರೆ ಬೆರಳುಗಳು ತೊಡೆಯ ಮೇಲಿನ ಬಟ್ಟೆಯ ಸೆರಗನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದವು. ಈ ಮನುಷ್ಯ ಹೆದರಿದ್ದಾರೆ ಎಂದು ಆಗ ಹೊಳೆಯಿತು. ಅವಳು ಓದಲು ಹೊರಟ ದಿನ ಬಸ್ಸಿನವರೆಗೆ ಬಂದು, ಊರವರೆದುರು ತಲೆ ಸವರಿ ಕಳಿಸಿದ ಒಡೆಯರು ಇವರೇ.

ಅಬ್ರಾಫಿ ಹುಟ್ಟಾ ಎಡಚಿ. ಆ ಸೀಮೆಯಲ್ಲಿ ಎಡಗೈಯಿಂದ ಹಿರಿಯರಿಗೆ ಏನಾದರೂ ಕೊಟ್ಟರೆ ಉಗಿದಷ್ಟೇ ಅವಮಾನ. ಚಿಕ್ಕವಳಿದ್ದಾಗ ಅಜ್ಜಿ ಆ ಕೈಗೆ ಮೆಣಸಿನಕಾಯಿ ಹಚ್ಚಿದ್ದಳು, ಊರಲ್ಲಿ ಸಿಕ್ಕಸಿಕ್ಕವರು ಅದರ ಮೇಲೆ ಬಾರಿಸಿದ್ದರು. ಆಯಿತು, ಇನ್ನೊಂದು ಪೆಟ್ಟು ತಿನ್ನಲಿ ಎಂದುಕೊಂಡಳು. ಲೋಟಕ್ಕೆ ನೀರು ಬಗ್ಗಿಸಿದಳು, ಬೊನ್ಸುವನ್ನು ದಾಟಿ ನಡೆದಳು, ಒಡೆಯರ ಮೂಗಿನ ನೇರಕ್ಕೆ ಎಡಗೈಯಲ್ಲೇ ಲೋಟ ಹಿಡಿದಳು.

"ತಗೊಳ್ಳಿ!"

ಬಾಗಿಲಲ್ಲಿ ಯಾರೋ ಚೀರಿದರು. ಬೊನ್ಸುವಿನ ಕೈಯ ಕೋಲು ದಡಕ್ಕನೆ ನೆಲಕ್ಕೆ ಬಿತ್ತು. ಒಡೆಯರ ಬಲಹುಬ್ಬು ತಲೆಪಟ್ಟಿಯವರೆಗೆ ಹಾರಿತು, ಬಲಹಣೆಯ ತುಂಬ ನೆರಿಗೆ ಎದ್ದಿತು. ಎಡಹಣೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು.

"ಏಳ್ಲಿಲ್ಲ! ಎಡಹುಬ್ಬು ಏಳ್ಲಿಲ್ಲ!" ಅಬ್ರಾಫಿ ಕುಣಿದೇಬಿಟ್ಟಳು.

"ಹುಚ್ಚು ಹಿಡಿದಿದೆ ಇವಳಿಗೆ," ಅಂದ ಡಾಂಕ್ವಾ.

"ನರ ಕೆಟ್ಟಿರೋದು ಕಣಯ್ಯಾ, ಮಿದುಳಲ್ಲ! ಮಿದುಳಾಗಿದ್ರೆ ಎರಡೂ ಎದ್ದಿರೋವು. ನಾನಾ, ಬೈಯೋದು ಆಮೇಲೆ ಬೈಯಿರಿ, ಈಗ ಒಂದ್ಸಲ ಕಣ್ಣು ಮುಚ್ಚಿ."

ಒಡೆಯರು ಬಾಯಿ ತೆರೆಯಹೊರಟ ಬೊನ್ಸುವನ್ನು ಕೈಸನ್ನೆಯಲ್ಲೇ ತಡೆದರು. ಕಣ್ಣು ಮುಚ್ಚಿದರು, ಎಡಗಣ್ಣು ಪೂರ್ತಿ ಮುಚ್ಚಲಿಲ್ಲ. ಹಲ್ಲು ತೋರಿಸಿದರು, ಹೆಗಲು ಎತ್ತಿದರು. ಕಡೆಗೆ ಬಾಗಿಲ ಕಡೆ ತಿರುಗಿ, ಸೋದರಳಿಯನನ್ನೇ ನೋಡುತ್ತ, ನಾಲಿಗೆಯನ್ನೂ ಚಾಚಿದರು. ಉಳಿದ ನರಗಳೆಲ್ಲ ಚೊಕ್ಕವಾಗಿದ್ದವು.

ಮಾತ್ರೆ ಶುರುವಾಯಿತು. ಮುಚ್ಚದ ಕಣ್ಣಿಗೆ ಹನಿ ಬಿಡುವುದು, ಮಲಗುವಾಗ ಪಟ್ಟಿ ಅಂಟಿಸುವುದು ನಡೆಯಿತು. ಹಿರಿಯರು ಹಬ್ಬದವರೆಗೆ ಕಾಯಲು ಒಪ್ಪಿದರು. ಎಡಗೈ ತೋರಿದ್ದಕ್ಕೆ ಡಾಕ್ಟರಿಗೆ ಒಂದು ಕುರಿ, ಒಂದು ಬಾಟಲಿ ಜಿನ್ ದಂಡ ಹಾಕಿದರು. ಹಬ್ಬದ ದಿನ ಪೀಠದ ಮೇಲೆ ಯಾರಿರುತ್ತಾರೋ ಅವರಿಗೇ ಒಪ್ಪಿಸಬೇಕೆಂದರು.

ಹಬ್ಬದ ದಿನ ಅಬ್ರಾಫಿ ಕುರಿ ಎಳೆದುಕೊಂಡು ಸಂತೆಬೀದಿಯಲ್ಲಿ ಬರುತ್ತಿದ್ದರೆ ಹೆಂಗಸರು ಬಿದ್ದುಬಿದ್ದು ನಕ್ಕರು. "ಯಾವ ಕೈಲಿ ಹಗ್ಗ ಹಿಡಿದಿದ್ದೀಯೇ ಡಾಕ್ಟ್ರೇ?" ಅಂದಳು ಒಬ್ಬಳು. ಅಬ್ರಾಫಿಗೆ ನಗು ಬರಲಿಲ್ಲ. ವಾರಗಟ್ಟಲೆ ನೋಡಿದರೂ ಆ ಎಡಹಣೆ ಮಿಸುಕಿರಲಿಲ್ಲ. ಕಳೆದ ವಾರವಂತೂ ಒಡೆಯರು ಅವಳನ್ನು ಒಳಗೇ ಬಿಟ್ಟಿರಲಿಲ್ಲ. ನರ ಚಿಗುರದೇ ಹೋಗಿದ್ದರೆ ಎಂಬ ಭಯ ಎದೆಯಲ್ಲಿ ಕೂತಿತ್ತು.

ದೊಡ್ಡ ಕೊಡೆಯ ಕೆಳಗೆ ಒಡೆಯರು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಡಾಂಕ್ವಾ ಹೊಸ ಬಟ್ಟೆ ಉಟ್ಟು ಸಿದ್ಧವಾಗಿದ್ದ. ಅಬ್ರಾಫಿ ಬಗ್ಗಿ, ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿ, ಬಲಗೈಯಲ್ಲಿ ಬಾಟಲಿ ಒಪ್ಪಿಸಿದಳು.

ಒಡೆಯರು ಕನ್ನಡಕ ತೆಗೆದರು. ಬಾಟಲಿ ನೋಡಿದರು, ಅವಳ ಬೆನ್ನ ಹಿಂದೆ ಇಣುಕುವವರ ಹಾಗೆ ನೋಡಿದರು. ಬಲಹುಬ್ಬು ನಿಧಾನವಾಗಿ ಮೇಲೇರಿತು. ಒಂದು ಗಳಿಗೆ ತಡವಾಗಿ, ಎಡಹುಬ್ಬೂ ಎದ್ದು ಅದರ ಸಾಲಿಗೆ ನಿಂತಿತು. ಊರಿಡೀ ನೋಡಲಿ ಎಂದು ಅವರು ಎರಡನ್ನೂ ಹಾಗೇ ಹಿಡಿದಿಟ್ಟರು. ಡಾಂಕ್ವಾ ಬಟ್ಟೆಯ ನೆರಿಗೆ ಸರಿಮಾಡಿಕೊಳ್ಳತೊಡಗಿದ.

ಬೊನ್ಸು ಕೋಲು ಎತ್ತಿ ಗಂಟಲು ಸರಿಮಾಡಿಕೊಂಡ. "ಡಾಕ್ಟರ್ ಅಬ್ರಾಫಿ, ನಾನಾ ಅಪ್ಪಣೆ ಕೊಡಿಸ್ತಿದ್ದಾರೆ, ಏನಂದ್ರೆ..."

"ಬೇಡ ತಾತ," ಅಂದಳು ಅವಳು, ಎಡಗೈಯಲ್ಲೇ ಕಣ್ಣೊರೆಸಿಕೊಳ್ಳುತ್ತ. "ಕೇಳಿಸ್ತು."