ಉಸಿರು ಬಿಡಿ, ಅಳತೆ ತಗೋಬೇಕು

ಟೈಲರಮ್ಮನ ಅಂಗಡಿಗೆ ಬರುವ ಹೆಂಗಸರೆಲ್ಲ ಮಾಡುವುದು ಒಂದೇ ಕಳ್ಳತನ. ಸೊಂಟಕ್ಕೆ ಟೇಪು ಸುತ್ತುತ್ತಿದ್ದಂತೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಟೈಲರಮ್ಮ ಬಿಡುವವಳಲ್ಲ. "ಉಸಿರು ಬಿಡಿ ತಾಯಿ, ನಾನು ಹೊಲಿಯೋದು ನಿಮಗೆ, ನಿಮ್ಮ ಆಸೆಗಲ್ಲ," ಎಂದು ನಗಿಸಿ, ಇದ್ದ ಅಳತೆಯನ್ನೇ ಬರೆದುಕೊಂಡು, ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೇ ಬಿಡುತ್ತಾಳೆ. ಮೈ ಅಂದಮೇಲೆ ಏರುತ್ತದೆ, ಇಳಿಯುತ್ತದೆ. ಬೇಕಾದಾಗ ಬಿಚ್ಚಿ ಸಡಿಲಿಸಿದರಾಯಿತು.

ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾತಾಯಿ ತನಗೆ ಏನು ಮಾಡಿಕೊಂಡಿದ್ದಳು ಗೊತ್ತೇ? ಎರಡು ಇಂಚು ಚಿಕ್ಕದಾಗಿ ನೀಲಿ ಗೌನೊಂದನ್ನು ಹೊಲಿದು, ಒಳಗೆ ಒಂದೆಳೆ ಬಟ್ಟೆಯನ್ನೂ ಬಿಡದೆ ಕತ್ತರಿಸಿ ಬಿಸಾಕಿದ್ದಳು. ಹಿಂದೆ ಸರಿಯಲು ದಾರಿಯೇ ಇರಬಾರದು ಎಂಬ ಹಟ. ಗಂಡನ ಅಕ್ಕನ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುವುದಿತ್ತು. ಹಿಂದಿನ ಸಲ ಆ ಅತ್ತಿಗೆ ಎಲ್ಲರೆದುರು, "ನೀನು ಹಿಂದಿನ ಸಾಲಿಗೆ ಹೋಗಮ್ಮ, ಮಿಕ್ಕವರೂ ಕಾಣ್ಬೇಕಲ್ಲ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಟೈಲರಮ್ಮನೂ ನಕ್ಕಿದ್ದಳು, ಅದೇ ಅವಳಿಗೆ ಇವತ್ತಿಗೂ ಉರಿ.

ಹಾಗಾಗಿ ಮೂರು ವಾರದಿಂದ ಹೊಟ್ಟೆಗೆ ತಣ್ಣೀರು ಬಟ್ಟೆ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಅರ್ಧ ಸೌತೆಕಾಯಿ, ಸಂಜೆ ಮಿಕ್ಕರ್ಧ. ತಲೆ ತಿರುಗಿ ಯಾರದೋ ಕೋಟಿಗೆ ಎರಡೂ ತೋಳುಗಳನ್ನು ಎಡಗೈಯವೇ ಕತ್ತರಿಸಿಟ್ಟಳು. ಆಗಲೂ ಬುದ್ಧಿ ಬರಲಿಲ್ಲ.

ಬಂದದ್ದು ಫೋಟೋಗೆ ಎರಡು ದಿನ ಮುಂಚೆ, ಹನ್ನೆರಡು ವರ್ಷದ ಮಗಳನ್ನು ಅಳತೆಗೆ ನಿಲ್ಲಿಸಿದಾಗ. ಟೇಪು ಸೊಂಟ ಮುಟ್ಟಿದ್ದೇ ತಡ, ಹುಡುಗಿ ಹೊಟ್ಟೆ ಎಳೆದುಕೊಂಡಳು.

"ಉಸಿರು ಬಿಡೇ, ಕತ್ತೆ."

"ಬೇಡಮ್ಮ. ಇಷ್ಟೇ ಅಳತೆಗೆ ಹೊಲಿ. ನಿನ್ನ ಥರಾನೇ ಒಳಗೆ ಬಟ್ಟೆ ಬಿಡ್ಬೇಡ. ನಾನೂ ನಾಲ್ಕು ದಿನದಿಂದ ಊಟದ ಡಬ್ಬಿ ಗೆಳತಿಗೆ ಕೊಡ್ತಿದೀನಿ."

ಟೈಲರಮ್ಮ ಟೇಪು ಸುತ್ತಿ ಪಕ್ಕಕ್ಕಿಟ್ಟಳು. ಈ ವಿದ್ಯೆಯನ್ನು ಮಗಳಿಗೆ ಕಲಿಸಿದವಳು ಅತ್ತಿಗೆಯಲ್ಲ, ತಾನೇ. ಅತ್ತಿಗೆಯ ಮೇಲೆ, ತನ್ನ ಮೇಲೆ, ಆ ದರಿದ್ರ ಸೌತೆಕಾಯಿಯ ಮೇಲೆ ಒಟ್ಟಿಗೇ ಸಿಟ್ಟು ನೆತ್ತಿಗೇರಿತು. ನಾಲ್ಕು ಮೊಟ್ಟೆ ಬೇಯಿಸಿದಳು, ಬ್ರೆಡ್ಡು ಕೊಯ್ದಳು, ಎರಡು ತಟ್ಟೆ ಇಟ್ಟಳು. ಯಾವಾಗಲೂ ಒಲೆಯ ಪಕ್ಕ ನಿಂತೇ ಬಾಯಿಗೆ ಹಾಕಿಕೊಳ್ಳುವವಳು ಅವತ್ತು ಕುರ್ಚಿ ಎಳೆದು ಕೂತಳು.

"ತಿನ್ನು. ನಾನೂ ತಿಂತೀನಿ. ತಪ್ಪು ಮಾಡಿದ್ದು ನಾನು, ಶಿಕ್ಷೆ ನಿನ್ನ ಹೊಟ್ಟೆಗೆ ಯಾಕೆ?"

ಮಗಳು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಅಮ್ಮ ಎರಡನೇ ಮೊಟ್ಟೆಗೆ ಕೈ ಹಾಕಿದ ಮೇಲೆಯೇ ತಾನು ಮೊದಲನೆಯದನ್ನು ಮುಟ್ಟಿದಳು.

ಆಮೇಲೆ ಮಗಳ ಗೌನನ್ನು ಇದ್ದ ಅಳತೆಗೇ ಕತ್ತರಿಸಿದಳು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು. ತನ್ನದನ್ನು ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲವಲ್ಲ! ಹಾಳಾಗಿ ಹೋಗಲಿ ಎಂದು ಎರಡೂ ಪಕ್ಕ ಬಿಚ್ಚಿ, ಕಂಕುಳಿಂದ ಅಂಚಿನವರೆಗೆ ಕಡುಗೆಂಪು ಪಟ್ಟಿ ಕೂಡಿಸಿದಳು. ಹುಡುಕಿದ್ದರೆ ಹೊಂದುವ ನೀಲಿ ಸಿಗುತ್ತಿತ್ತು. ಅವಳು ಹುಡುಕಲಿಲ್ಲ.

ಫೋಟೋದ ದಿನ ಅತ್ತಿಗೆಯ ಕಣ್ಣು ನೇರ ಅಲ್ಲಿಗೇ ಬಿತ್ತು. "ಇದೇನಮ್ಮ, ತೇಪೆ ಇಷ್ಟು ಎದ್ದು ಕಾಣ್ತಿದೆ!"

"ಕಾಣ್ಲಿ ಅಂತಾನೇ ಹಾಕಿದ್ದು, ಅತ್ತಿಗೆ. ನನ್ನ ಮೈಗೆ ಇಷ್ಟು ಬಟ್ಟೆ ಬೇಕು."

"ಸರಿ ಸರಿ, ನಿನ್ನ ಜಾಗ ಗೊತ್ತಲ್ಲ, ಹಿಂದೆ..."

"ಹಿಂದೆ ನಾನು ಹೋಗಲ್ಲ. ಕಾಣ್ದೇ ಇರೋರು ಒಂದು ಹೆಜ್ಜೆ ಪಕ್ಕಕ್ಕೆ ಸರೀಲಿ."

ಯಾರೋ ಕಿಸಕ್ಕನೆ ನಕ್ಕರು. ಈ ಸಲ ಟೈಲರಮ್ಮ ಜೊತೆಗೂಡಿ ನಗಲಿಲ್ಲ. ಮಗಳ ಕೈ ಹಿಡಿದು ಮುಂದಿನ ಸಾಲಿನ ನಟ್ಟನಡುವೆ, ಅತ್ತಿಗೆಯ ಪಕ್ಕದಲ್ಲೇ ನಿಂತಳು.

"ರೆಡಿನಾ?" ಎಂದ ಫೋಟೋದವನು.

ಸಾಲಿಗೆ ಸಾಲೇ ಹೊಟ್ಟೆ ಒಳಗೆಳೆದುಕೊಂಡಿತು. ಮಗಳೂ ಎಳೆದುಕೊಂಡಳು. ಟೈಲರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, ಅಂಗಡಿಯ ಗಂಟಲಿನಲ್ಲೇ, ಎಲ್ಲರಿಗೂ ಕೇಳುವಂತೆ ಅಂದಳು: "ಉಸಿರು ಬಿಡೇ!"

ಮಗಳು ಬಿಟ್ಟಳು. ಆ ಪಕ್ಕದಿಂದ ಇನ್ನೊಂದು ಉಸಿರೂ ಹೊರಬಿತ್ತು, ಬಹಳ ವರ್ಷದಿಂದ ಹಿಡಿದಿಟ್ಟದ್ದು. ಅದು ಅತ್ತಿಗೆಯದು.