ಗೋಡೆಯ ಗಂಡಭೇರುಂಡ

ಬಳ್ಳಿಗಾವಿಯ ಉಚ್ಚಂಗಪ್ಪ ಹೊಟ್ಟೆಪಾಡಿಗೆ ಕಮಾನು ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಗಿಳಿ ಬರೆಯಲಿ, ತಾವರೆ ಬರೆಯಲಿ, ಒಂದೆರಡು ಮಳೆಗಾಲ ಕಳೆಯುವುದರೊಳಗೆ ಕೆಸರು ತಿಂದುಹಾಕುತ್ತಿತ್ತು. ಈಚೆಗೆ ಕಣ್ಣಿಗೆ ಪೊರೆ ಬೇರೆ. ಅದು ಹೆಂಡತಿ ಸುಂಕಲಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಪೂರ್ತಿ ಕತ್ತಲಾಗುವ ಮೊದಲು ತನ್ನ ಕೈಯ ಒಂದು ಚಿತ್ರವಾದರೂ ಎಲ್ಲಾದರೂ ಗಟ್ಟಿಯಾಗಿ ನಿಲ್ಲಬೇಕು, ಅಷ್ಟೇ ಅವನ ಆಸೆ.

ಅಂಥ ಹೊತ್ತಿಗೆ ಸೊರಬದ ಒಂದು ಕಚೇರಿಯಿಂದ ಕರೆ ಬಂತು. ಕನ್ನಡದ ಸೀಮೆಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬುತ್ತಿತ್ತು. ನವೆಂಬರ್ ಒಂದಕ್ಕೆ ಬಾವುಟ ಏರಿಸುವಷ್ಟರಲ್ಲಿ ಬಾಗಿಲ ಮೇಲಿನ ಗೋಡೆಗೆ ರಾಜ್ಯದ ಲಾಂಛನ ಬರೆದಿರಬೇಕು. ಗುಮಾಸ್ತ ನಾಗರಾಜಪ್ಪ ಮುದ್ರೆಯಿದ್ದ ಕಾಗದವೊಂದನ್ನು ಮುಂದೆ ಹಿಡಿದ.

"ಇದ್ನ ನೋಡ್ಕೊಂಡು ಬರಿ ಮಾರಾಯ."

ನಾಲ್ಕಾಣೆ ಬಿಲ್ಲೆಯಷ್ಟಿದ್ದ ಮುದ್ರೆ ಉಚ್ಚಂಗಪ್ಪನಿಗೆ ಮಸಿ ಚೆಲ್ಲಿದ ಹಾಗೆ ಕಂಡಿತು. ಕಾಣುವುದಿಲ್ಲ ಎಂದನೋ, ಗೋಡೆ ಹೋಯಿತು. ಅವನು ಜೋರಾಗಿ ನಕ್ಕುಬಿಟ್ಟ.

"ಬಳ್ಳಿಗಾವಿಯವನಿಗೆ ಗಂಡಭೇರುಂಡ ತೋರಿಸ್ತೀರೇನ್ರಿ? ನಮ್ಮೂರ ಕಂಬದಾಗ ಐತಿ. ಅದರ ಬುಡದಾಗ ಗೋಲಿ ಆಡಿ ಬೆಳದೋನು ನಾನು. ಕಾಗದ ಒಳಗ ಇಟ್ಕಳ್ರಿ."

ಧೂಳು ಕೂರದಿರಲೆಂದು ಗೋಣಿತಾಟು ಇಳಿಬಿಟ್ಟುಕೊಂಡು ಅದರ ಹಿಂದೆ ಕೆಲಸ ಹಿಡಿದ. ಸುಂಕಲಮ್ಮ ಕೆಳಗೆ ಬಣ್ಣ ಕಲಸುತ್ತ, "ಇನ್ನೊಂದೀಟು ಬಲಕ್ಕ" ಎಂದು ಪಿಸುಗುಟ್ಟುತ್ತಿದ್ದಳು. ಕಣ್ಣು ತಪ್ಪಿದರೂ ಕೈ ತಪ್ಪಲಿಲ್ಲ. ಊರ ಕಂಬದಲ್ಲಿದ್ದಂತೆಯೇ ಗಟ್ಟಿಮುಟ್ಟಾದ ಮನುಷ್ಯನ ಮೈ, ಹೆಗಲ ಮೇಲೆ ಎರಡು ಹಕ್ಕಿತಲೆ ಎದ್ದು ನಿಂತವು.

ಬಾವುಟದ ಹಬ್ಬದ ಹಿಂದಿನ ದಿನ ಬೆಳಿಗ್ಗೆ ತಾಟು ಸರಿಯಿತು. ಸಂತೆಗೆ ಬಂದವರು ನಿಂತು ನೋಡಿದರು. ಮುದುಕಿಯೊಬ್ಬಳು ಕೈಮುಗಿದಳು. ಉಚ್ಚಂಗಪ್ಪನ ಎದೆ ತುಂಬಿ ಬಂತು. ಅಷ್ಟರಲ್ಲಿ ಕಚೇರಿಯ ಸಾಹೇಬರು ಹೊರಗೆ ಬಂದರು.

"ಏನಯ್ಯ ಇದು, ಯಾವೂರ ದೆವ್ವ? ಸರ್ಕಾರದ್ದು ಹಕ್ಕಿ ಕಣಯ್ಯ! ರೆಕ್ಕೆ ಎಲ್ಲಿ? ಅಕ್ಕಪಕ್ಕದ ಆನೆಮೋರೆ ಸಿಂಹಗಳೆಲ್ಲಿ?"

"ಸ್ವಾಮಿ, ನಮ್ಮೂರಾಗ ಹಿಂಗೇ ಐತ್ರಿ."

"ನಿಮ್ಮೂರು ರಾಜ್ಯ ಆಳುತ್ತೇನು? ನಾಳೆ ದೊಡ್ಡೋರು ಬರ್ತಾರೆ, ನನ್ನ ತಲೆ ಹೋಗುತ್ತೆ."

ಬೈಯೋಣವೆಂದರೆ ಸಾಹೇಬರ ಮಾತು ಸರಿಯಾಗಿಯೇ ಇತ್ತು. ಹೊಟ್ಟೆ ಉರಿಯುವುದೇ ಅಲ್ಲಿ. ನೂರಾರು ವರ್ಷ ಕಂಬ ಹೊತ್ತು ನಿಂತದ್ದಕ್ಕೆ ಬೆಲೆಯಿಲ್ಲ, ಬಿಲ್ಲೆಯಷ್ಟು ಮಸಿಗೆ ಬೆಲೆ. ಆದರೆ ಬರೆಯಹೇಳಿದ್ದು ಆ ಮಸಿಯನ್ನೇ.

ಸಾಹೇಬರೇನು ಕಟುಕರಲ್ಲ. ಕಾಗದ ತರಿಸಿ ಅವನ ಕೈಗಿಟ್ಟರು. "ಸಂಜೆವರೆಗೂ ಟೈಮ್ ಕೊಡ್ತೀನಿ. ಇದ್ನ ನೋಡಿ ತಿದ್ದು."

ಉಚ್ಚಂಗಪ್ಪ ಕಾಗದ ಹಿಡಿದು ನಿಂತ. ಹತ್ತಿರ ತಂದ, ದೂರ ಹಿಡಿದ, ಬಿಸಿಲಿಗೆ ತಿರುಗಿದ. ಗುಂಪಿನಲ್ಲಿದ್ದ ಗೋಪಾಲಪ್ಪ ನಕ್ಕ. ತನ್ನ ಗಾಡಿಯನ್ನು ಬಣ್ಣಕ್ಕೆಂದು ಇವನಲ್ಲೇ ಬಿಟ್ಟಿದ್ದವನು.

"ತಲೆಕೆಳಗೆ ಹಿಡಿದೀಯಲ್ಲೋ ಉಚ್ಚಂಗ! ಹಕ್ಕಿ ಶೀರ್ಷಾಸನ ಹಾಕ್ತಾ ಉಂಟಾ?"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಕಾಗದ ಇನ್ನೂ ತಲೆಕೆಳಗಾಗಿಯೇ ಇತ್ತು.

"ಕಣ್ಣು ಕಾಣದೋನಿಗೆ ಯಾರಯ್ಯ ಕೆಲಸ ಕೊಟ್ಟಿದ್ದು?" ಸಾಹೇಬರು ಗುಮಾಸ್ತನತ್ತ ತಿರುಗಿದರು. ನಾಗರಾಜಪ್ಪ ಸುಣ್ಣ ತರಲು ಜವಾನನಿಗೆ ಸನ್ನೆ ಮಾಡಿದ.

"ಗಾಡಿಗೇನು ಅವಸರ ಇಲ್ಲ," ಎಂದ ಗೋಪಾಲಪ್ಪ, ಈಗ ತಗ್ಗಿದ ದನಿಯಲ್ಲಿ. "ಬಣ್ಣ ಇರ್ಲಿ ಬಿಡು, ಗಾಡೀನ ನಾನೇ ಬಂದು ಹೊಡ್ಕೊಂಡು ಹೋಗ್ತೆ."

ಜವಾನ ಸುಣ್ಣದ ಬಕೆಟ್ಟು ತಂದ. ಉಚ್ಚಂಗಪ್ಪ ಅದನ್ನು ಅವನ ಕೈಯಿಂದ ಕಿತ್ತುಕೊಂಡ. "ಮುಟ್ಟಬ್ಯಾಡ. ನಾನು ಬರದದ್ದು, ನಾನೇ ಬಳಿತೀನಿ." ತಡೆಯಲೆಂದು ಸುಂಕಲಮ್ಮ ಕೈ ಎತ್ತಿದವಳು ಹಾಗೇ ಇಳಿಸಿ ಏಣಿ ಹಿಡಿದಳು.

ಪಾದ, ತೊಡೆ, ಎದೆ ಬೆಳ್ಳಗಾದವು. ಕುಂಚ ಮೇಲೆ ಹೋಗಿ ತಡಕಾಡಿತು. ಬಿಸಿಲಿಗೆ ಹಸಿ ಸುಣ್ಣ ಹೊಳೆಯುತ್ತಿತ್ತು. ಅವನಿಗೆ ಗೋಡೆಯೆಲ್ಲ ಒಂದೇ ಬಿಳುಪು.

"ಮುಗೀತೇನಲೇ?"

ಈಗ ಪಿಸುಗುಟ್ಟಬೇಕಾದ ಕಾರಣವೇ ಇರಲಿಲ್ಲ. ಸುಂಕಲಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇಲ್ಲ. ಒಂದು ಹಕ್ಕಿತಲಿ ಇನ್ನೂ ಉಳದೈತಿ."

"ಯಾ ಕಡೀದು?"

ಅವಳು ಉಳಿದಿದ್ದ ಆ ತಲೆಯನ್ನು ಕಣ್ತುಂಬ ನೋಡಿಕೊಂಡಳು. ಏಣಿಯ ಮೇಲೆ ಕುಂಚ ಎತ್ತಿಕೊಂಡು ಅವನು ಕಾಯುತ್ತಲೇ ಇದ್ದ.

"ಎಡಕ್ಕ," ಎಂದಳು.