ಹದಿನೈದನೇ ತಾರೀಖಿಗೆ ಮೂರು ದಿನ

ಸಂದೇಶ ಬಂದು ನಲವತ್ತು ನಿಮಿಷವಾಗಿತ್ತು. ಟಯರು ಅಂಗಡಿಯ ಗಾಳಿಯಂತ್ರದ ಗದ್ದಲದಲ್ಲಿ ಸಿರಿಲ್‌ಗೆ ಫೋನಿನ ಸದ್ದು ಕೇಳಿಸಿರಲಿಲ್ಲ. ಈಗ ಕೈಯೊರೆಸಿಕೊಂಡು ನೋಡಿದರೆ ಮಗಳು ನೇಜಾ ಕಳಿಸಿದ ಒಂದು ಚಿತ್ರ. ಕಾರಿನ ಮುಂಗಾಜಿನಾಚೆ ಬಿಸಿಲು ಬಿದ್ದ ಬೆಟ್ಟದ ತುದಿ, ಕೆಳಗೆ ಕೆಂಪು ಬಾನೆಟ್ಟಿನ ಅಂಚು. ‘ತೀಲೆನ್ ಜೊತೆ ಯೆಜೆರ್ಸ್ಕೊಗೆ ಊಟಕ್ಕೆ ಹೋಗ್ತಿದೀನಿ ಅಪ್ಪ. ಸಂಜೆಗೆ ಬರ್ತೀವಿ.’

ಅವನು ಕೂಡಲೇ ಮಗಳಿಗೆ ಫೋನು ಮಾಡಿದ. ಸಿಗಲಿಲ್ಲ. ಅವಳನ್ನು ಮದುವೆಯಾಗಲಿರುವ ತೀಲೆನ್‌ಗೆ ಮಾಡಿದ. ಅದೂ ಇಲ್ಲ. ಬೆಟ್ಟದ ಮೇಲಿನ ಯೆಜೆರ್ಸ್ಕೊಗೆ ಹೋಗುವ ದಾರಿ ಕೊಕ್ರಾ ನದಿಯ ಕಣಿವೆ ಹೊಕ್ಕ ಮೇಲೆ ಯಾರ ಫೋನೂ ಸಿಗುವುದಿಲ್ಲ. ಅದು ಗೊತ್ತಿದ್ದೂ ಮೂರನೇ ಸಲ ಒತ್ತಿದ. ಆಮೇಲೆ ಗೋಡೆಯ ಮೊಳೆಯಿಂದ ವ್ಯಾನಿನ ಬೀಗದ ಕೈ ತೆಗೆದುಕೊಂಡ.

“ಎಲ್ಲಿಗೆ ಹೊರಟ್ರಿ ಯಜಮಾನ್ರೇ?” ಚಕ್ರವೊಂದನ್ನು ಉರುಳಿಸಿಕೊಂಡು ಬರುತ್ತಿದ್ದ ಬ್ರೂನೊ ನಿಂತ. ಹದಿನೆಂಟು ವರ್ಷದಿಂದ ಅಂಗಡಿಯಲ್ಲಿ ಜೊತೆಗಿದ್ದವನು. “ಹೊರಗೆ ಹನ್ನೊಂದು ಕಾರು ನಿಂತಿವೆ.”

“ನೀನೇ ನೋಡ್ಕೊ.”

“ನಂಗೇನು ನಾಲ್ಕು ಕೈ ಇದಾವಾ?”

ಸರದಿಯಲ್ಲಿ ಮೊದಲು ನಿಂತಿದ್ದ ದಪ್ಪ ಮನುಷ್ಯ ಕಿಟಕಿಯಿಂದ ತಲೆ ಹೊರಹಾಕಿದ. “ಏ ಸಿರಿಲ್, ಹದಿನೈದಕ್ಕೆ ಪೊಲೀಸಪ್ಪ ರಸ್ತೇಲಿ ಕಾಯ್ತಿರ್ತಾನೆ. ನನ್ನ ದಂಡ ನೀನು ಕಟ್ತೀಯಾ?”

ಸಿರಿಲ್ ವ್ಯಾನಿನ ಬಾಗಿಲು ತೆಗೆದ. ಕ್ರಾನ್ಯ್ ಪಟ್ಟಣದವರೆಲ್ಲ ಹೀಗೆಯೇ. ನವೆಂಬರ್ ಹದಿನೈದರಿಂದ ಚಳಿಗಾಲದ ಟಯರು ಇರಬೇಕೆಂದು ಕಾನೂನು. ಆದ್ದರಿಂದ ಚಳಿಯೂ ಹದಿನೈದಕ್ಕೇ ಬರುತ್ತದೆ ಎಂದು ನಂಬಿದ್ದರು. ಇವತ್ತು ಹನ್ನೆರಡು.

ಬೆಳಗ್ಗೆ ಎಂಟಕ್ಕೆ ತೀಲೆನ್ ಬಂದಿದ್ದ. ಎರಡೇ ಸೀಟಿನ ಕೆಂಪು ಕಾರು, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಮೇ ತಿಂಗಳಲ್ಲಿ ನೇಜಾಳ ಜೊತೆ ಮದುವೆ ನಿಶ್ಚಯವಾದಾಗಿನಿಂದ ಅವನು ಸಿರಿಲ್‌ನನ್ನು ಮಾವ ಎಂದೇ ಕರೆಯುತ್ತಿದ್ದ. “ಮಾವ, ಗಾಳಿ ಒಂಚೂರು ನೋಡ್ತೀರಾ?” ಹೊರಗೆ ಮೂರು ಡಿಗ್ರಿ. ಸಿರಿಲ್ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಅಭ್ಯಾಸದಂತೆ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದ. ವೇಗದ ಕಾರಿಗೆಂದೇ ಮಾಡಿದ ಬೇಸಿಗೆಯ ಟಯರು. ಜುಲೈನಲ್ಲಾದರೆ ಉಗುರು ಒಳಗಿಳಿಯುತ್ತದೆ. ಬಿಸಿ ಡಾಂಬರನ್ನು ಅದು ಕಚ್ಚಿ ಹಿಡಿಯುತ್ತದೆ. ಈಗ ಉಗುರು ಜಾರಿತು. ದನದ ಕೊಂಬನ್ನು ಮುಟ್ಟಿದ ಹಾಗಿತ್ತು. ಇದಕ್ಕೆ ಹಿಮ ಬೀಳಬೇಕೆಂದೇನಿಲ್ಲ, ರಸ್ತೆ ಒದ್ದೆಯಾಗಬೇಕೆಂದಿಲ್ಲ. ಚಳಿಯೊಂದೇ ಸಾಕು.

“ಚಳಿಗಾಲದ್ದಕ್ಕೆ ಆರ್ಡರ್ ಕೊಟ್ಟಿದೀನಿ, ಹದಿನಾಲ್ಕಕ್ಕೆ ಬರತ್ತೆ,” ಎಂದಿದ್ದ ತೀಲೆನ್. ಆ ಅಳತೆಯದು ಸಿರಿಲ್‌ನ ಅಂಗಡಿಯಲ್ಲಿ ಇರಲಿಲ್ಲ. “ಅಲ್ಲೀತನಕ ಇದು ನಡೆಯತ್ತಲ್ವಾ?”

ಅವನು ಕೇಳಿದ್ದ. ನೇರವಾಗಿ, ನಗದೆ, ಕೇಳಿದ್ದ.

“ನಡೆಯತ್ತೆ,” ಎಂದಿದ್ದ ಸಿರಿಲ್.

ಈ ಕೆಲಸದ ಮೂವತ್ತನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆಗೆ ಅವನು ಸುಳ್ಳು ಹೇಳಿದ್ದು ಅದೇ ಮೊದಲು. ಹಿಂದಿನ ದಿನ ಮಾರ್ಟಿನ್ ಹಬ್ಬ. ಮೇಜಿನ ಮೇಲೆ ಹುರಿದ ಹೆಬ್ಬಾತು, ಕೆಂಪು ಎಲೆಕೋಸು, ವರ್ಷದ ಹೊಸ ವೈನು. ಸುತ್ತ ಎರಡೂ ಕಡೆಯ ನೆಂಟರು. ತೀಲೆನ್ ಲೋಟ ಎತ್ತಿ, “ನಮ್ಮ ಮಾವನೂ ಒಂಥರಾ ಪಾದ್ರಿನೇ. ಅವರು ನರಕ ತೋರಿಸಿ ಹೆದರಿಸ್ತಾರೆ, ಇವರು ನವೆಂಬರ್ ತೋರಿಸಿ ಹೆದರಿಸ್ತಾರೆ. ಕಾಣಿಕೆ ಮಾತ್ರ ಇಬ್ರಿಗೂ ತಪ್ಪಲ್ಲ!” ಎಂದಿದ್ದ. ಎಲ್ಲರೂ ನಕ್ಕರು. ನೇಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಅಂಗಡಿಯ ದುಡಿಮೆಯಲ್ಲೇ ಓದಿದವಳು. ಸಿರಿಲ್ ಕೂಡ ನಕ್ಕಿದ್ದ. ಬೆಳಗ್ಗೆ, ಉಗುರು ಜಾರಿದಾಗ, ಅವನಿಗೆ ಅನ್ನಿಸಿದ್ದು ಇಷ್ಟೇ: ಒಂದು ಸಲ ಜಾರಲಿ. ಪೇಟೆಯೊಳಗೆ, ಯಾವುದಾದರೂ ಖಾಲಿ ಜಾಗದಲ್ಲಿ, ಒಮ್ಮೆ ಕಾರಿನ ಹಿಂಭಾಗ ತಿರುಗಲಿ, ಅವನ ಮುಖ ಬಿಳಿಚಿಕೊಳ್ಳಲಿ. ಇಷ್ಟೇ, ಇಷ್ಟೇ ಎಂದು ಈಗ ವ್ಯಾನಿನಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಪ್ರೆದ್ವೋರ್ ಊರು ದಾಟಿದ ಮೇಲೆ ಬಿಸಿಲು ನಿಂತುಹೋಯಿತು. ಕಣಿವೆಯ ತಳಕ್ಕೆ ನವೆಂಬರಿನಲ್ಲಿ ಸೂರ್ಯ ಇಳಿಯುವುದೇ ಇಲ್ಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನದಿ, ನಡುವೆ ರಸ್ತೆ. ವ್ಯಾನಿನ ಮಾಪಕ ಒಂದು ಡಿಗ್ರಿ ತೋರಿಸುತ್ತಿತ್ತು. ಪ್ರತಿ ತಿರುವಿನಲ್ಲೂ ಅವನು ಮುಂದಕ್ಕೆ ಬಗ್ಗಿ ನೋಡುತ್ತಿದ್ದ; ತಿರುವಿನಾಚೆ ಏನೂ ಇಲ್ಲವೆಂದು ಕಾಣುವಷ್ಟರಲ್ಲಿ ಮುಂದಿನ ತಿರುವು ಕಾಣುತ್ತಿತ್ತು.

ರಸ್ತೆಯ ಮೇಲೆ ಕಪ್ಪು ಗೆರೆಗಳಿದ್ದಲ್ಲೆಲ್ಲ ನಿಧಾನಿಸಿದ. ಒಂದು ಕಡೆ ಜೋಡಿ ಗೆರೆ: ಲಾರಿಯದು. ಇನ್ನೊಂದು ಕಡೆ ತಡೆಕಂಬಿ ನದಿಯ ಕಡೆಗೆ ಬಾಗಿತ್ತು. ಅವನ ಕಾಲು ತಾನಾಗಿ ಬ್ರೇಕು ತುಳಿಯಿತು. ಇಳಿದು ನೋಡಿದರೆ ಬಾಗಿದ ಜಾಗದಲ್ಲಿ ತುಕ್ಕು, ಹಳೆಯದು. ಕಂಬಿ ಹಿಡಿದು ಕೆಳಗೆ ಬಗ್ಗಿದ. ನೀರು ಹಸಿರಾಗಿ ಕಲ್ಲುಗಳ ಮೇಲೆ ಹರಿಯುತ್ತಿತ್ತು, ಬೇರೇನಿಲ್ಲ. ಕೆಂಪು ಬಣ್ಣವನ್ನು ಹುಡುಕುತ್ತಿದ್ದೇನೆ ಎಂದು ಅರಿವಾದಾಗ ಅವನು ಕಂಬಿ ಬಿಟ್ಟು ವ್ಯಾನಿಗೆ ಓಡಿದ.

ಹಳೆಯ ಗರಗಸದ ಗಿರಣಿಯಾಚೆಯ ತಿರುವಿನಲ್ಲಿ ಅದು ಕಂಡಿತು. ಅಲ್ಲಿ ತಡೆಕಂಬಿ ಇರಲಿಲ್ಲ. ಅಂಚಿನ ಹುಲ್ಲಿನ ಮೇಲೆ ಬೆಳಗಿನ ಇಬ್ಬನಿ ಇನ್ನೂ ಬಿಳಿಯಾಗಿ ಹೆಪ್ಪುಗಟ್ಟಿತ್ತು, ಅದರೊಳಗೆ ಅಗಲವಾದ ಒಂದು ಚಕ್ರದ ಗುರುತು. ಮೂರು ನೇರ ಗೆರೆ, ಪಕ್ಕದಲ್ಲಿ ಓರೆ ಕಚ್ಚುಗಳು. ಬೆಳಗ್ಗೆ ಅವನ ಬೆರಳು ಹಾದುಹೋದದ್ದೂ ಅದೇ ಗೆರೆಗಳ ಮೇಲೆ. ಗುರುತು ರಸ್ತೆಯಿಂದ ಹೊರಬಿದ್ದು, ಹನ್ನೆರಡು ಹೆಜ್ಜೆ ದೂರ ಹುಲ್ಲಿನ ಮೇಲೆ ಹೋಗಿ, ಮತ್ತೆ ರಸ್ತೆಗೆ ಹತ್ತಿತ್ತು. ಅದಕ್ಕೂ ಇಳಿಜಾರಿಗೂ ನಡುವೆ ಉಳಿದಿದ್ದು ಒಂದು ಅಂಗೈ ಅಗಲ.

ಮತ್ತೆ ಹತ್ತಿತ್ತು. ಅವನು ಅದನ್ನು ಎರಡು ಸಲ ನಡೆದು ನೋಡಿದ.

ಯೆಜೆರ್ಸ್ಕೊದಲ್ಲಿ ಹೋಟೆಲಿನ ಮುಂದೆ ಕೆಂಪು ಕಾರು ನಿಂತಿತ್ತು. ಬಲಗಡೆಯ ಚಕ್ರಗಳಿಗೆ ಹುಲ್ಲು ಮೆತ್ತಿತ್ತು. ಒಳಗೆ ಕಿಟಕಿಯ ಬಳಿ ಇಬ್ಬರೂ ಕುಳಿತಿದ್ದರು. ನೇಜಾಳ ಮುಂದಿನ ಬಾರ್ಲಿ ಸೂಪಿಗೆ ಕೆನೆ ಕಟ್ಟಿತ್ತು.

“ಅಪ್ಪಾ! ನೀನೇನು ಇಲ್ಲಿ?”

“ಇಲ್ಲೊಬ್ಬರ ಟ್ರ್ಯಾಕ್ಟರ್ ಟಯರು ನೋಡೋದಿತ್ತು.” ಸುಳ್ಳು ಸಲೀಸಾಗಿ ಬಂತು. ಅವನು ಕುಳಿತ. ಅವಳ ಕೆನ್ನೆ, ಕುತ್ತಿಗೆ, ಕೈಬೆರಳು ಎಲ್ಲವನ್ನೂ ನೋಡಿದ. ಎಲ್ಲ ಇತ್ತು.

“ಮಾವ ಕೆಲಸ ಬಿಟ್ಟು ಬಂದ್ರಾ? ಹದಿನೈದರ ಮುಂಚೆ? ಕ್ಯಾಲೆಂಡರಲ್ಲಿ ಗುರುತು ಹಾಕ್ಬೇಕು,” ಎಂದ ತೀಲೆನ್. ಆದರೆ ದನಿಯಲ್ಲಿ ನಿನ್ನೆಯ ಉಲ್ಲಾಸವಿರಲಿಲ್ಲ, ಎರಡೂ ಕೈಯಲ್ಲಿ ಲೋಟ ಹಿಡಿದಿದ್ದ.

“ದಾರಿ ಹೇಗಿತ್ತು?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. “ಚೆನ್ನಾಗಿತ್ತು,” ಎಂದಳು ನೇಜಾ. ಹೋಟೆಲಿನ ಹೆಂಗಸು ಬಂದು, “ನಿಮಗೂ ಸೂಪು ತರ್ಲಾ? ಮುಖ ಹೆಪ್ಪುಗಟ್ಟಿದೆಯಲ್ಲ!” ಎಂದಾಗ ಸಿರಿಲ್ ತಲೆಯಾಡಿಸಿದ. ಬೇಕೆಂದೋ ಬೇಡವೆಂದೋ ಅವನಿಗೂ ತಿಳಿಯಲಿಲ್ಲ.

ಈ ಸುಳ್ಳನ್ನೇ ಇಟ್ಟುಕೊಂಡಿದ್ದರೆ ಸಾಕಿತ್ತು. ಕಾರು ಇಲ್ಲೇ ಇರಲಿ, ಹವೆ ಕೆಟ್ಟಿದೆ, ಮೂವರೂ ವ್ಯಾನಿನಲ್ಲಿ ಹೋಗೋಣ ಎಂದಿದ್ದರೆ ಅವರು ಖುಷಿಯಿಂದಲೇ ಹತ್ತುತ್ತಿದ್ದರು. ಇಬ್ಬರ ಮುಖದಲ್ಲೂ ಅದು ಕಾಣುತ್ತಿತ್ತು. ಆದರೆ ತಣ್ಣಗಾದ ಸೂಪಿನ ಪಕ್ಕದಲ್ಲಿದ್ದ ಮಗಳ ಕೈ ನೋಡುತ್ತ ಅವನ ಬಾಯಿಂದ ಬೇರೆ ಮಾತು ಹೊರಬಿತ್ತು.

“ಗಿರಣಿಯ ತಿರುವಲ್ಲಿ ಗುರುತು ನೋಡಿದೆ.”

ತೀಲೆನ್ ಲೋಟ ಕೆಳಗಿಟ್ಟ. “ನಾನು ಜೋರಾಗಿ ಹೋಗ್ತಿರ್ಲಿಲ್ಲ ಮಾವ. ದೇವರಾಣೆ. ಐವತ್ತರಲ್ಲಿದ್ದೆ. ಸ್ಟೇರಿಂಗ್ ತಿರುಗಿಸಿದ್ರೆ ಕಾರು ತಿರುಗಲೇ ಇಲ್ಲ.”

“ತಿರುಗಲ್ಲ. ಆ ಟಯರು ಈ ಚಳೀಲಿ ಹಿಡಿಯಲ್ಲ. ಬೆಳಗ್ಗೆನೇ ನಂಗೆ ಗೊತ್ತಿತ್ತು.”

“ಗೊತ್ತಿತ್ತಾ?” ಎಂದಳು ನೇಜಾ.

“ಇವನು ಕೇಳಿದ. ನಡೆಯತ್ತೆ ಅಂದೆ.”

“ಯಾಕೆ?”

ನಿನ್ನೆಯ ಹೆಬ್ಬಾತು, ವೈನು, ನಗು. ಇಲ್ಲಿ ಕುಳಿತು ನೋಡಿದರೆ ಅವುಗಳಲ್ಲಿ ಒಂದೂ ಹೇಳುವಂಥದ್ದಾಗಿರಲಿಲ್ಲ. ನೇಜಾ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ನಾನು ಕಾರಲ್ಲಿಲ್ಲದಿದ್ರೆ ನೀನು ಬರ್ತಿದ್ಯಾ ಅಪ್ಪ?”

ಹೊರಗೆ ಬಿಸಿಲು ಬೆಟ್ಟದ ನೆತ್ತಿಗೆ ಸರಿದಿತ್ತು.

“ಕಾರು ಇಲ್ಲೇ ಬಿಡಿ,” ಎಂದ ಸಿರಿಲ್. “ಮೂರೂ ಜನ ವ್ಯಾನಲ್ಲಿ ಇಳಿಯೋಣ. ಬೇಕಾದ್ರೆ ನನ್ನ ಬಯ್ಯಿ, ಆದ್ರೆ ವ್ಯಾನಲ್ಲಿ ಕೂತು ಬಯ್ಯಿ.”

ತೀಲೆನ್ ಎದ್ದು ಕೋಟು ಹಾಕಿಕೊಂಡ. ಅವನ ಕಿವಿ ಕೆಂಪಾಗಿತ್ತು. “ನಿಮ್ಮ ವ್ಯಾನಿಗೆ ನಾನು ಹತ್ತಲ್ಲ. ನಡ್ಕೊಂಡಾದ್ರೂ ಹೋದೇನು. ನೇಜಾ, ನೀನು ಇವರ ಜೊತೆ ಹೋಗು.”

“ಇಲ್ಲ,” ಎಂದಳು ನೇಜಾ. ಅವಳೂ ಎದ್ದಳು.

“ಪುಟ್ಟೀ, ಮಾತು ಕೇಳು...”

“ನೀನು ಮುಂದೆ ಹೋಗಪ್ಪ, ನಾವು ಕಾರಲ್ಲಿ ಹಿಂದೆ ಬರ್ತೀವಿ. ನಿಧಾನಕ್ಕೆ ಹೋಗು. ನಾನು ಇವನ ಜೊತೆ ಇದ್ರೇನೇ ನೀನು ನಿಧಾನಕ್ಕೆ ಹೋಗೋದು.” ಅವಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಅಂಗಳದಲ್ಲಿ ಅವನು ತೀಲೆನ್‌ನ ಕಿಟಕಿಗೆ ಬಗ್ಗಿ ಹೇಳಿದ: ಎರಡನೇ ಗೇರು ಬಿಡಬೇಡ, ತಿರುವಿನೊಳಗೆ ಬ್ರೇಕು ಮುಟ್ಟಬೇಡ, ನನ್ನಿಂದ ಐವತ್ತು ಮೀಟರು ಹಿಂದಿರು. ತೀಲೆನ್ ಎದುರಿನ ಗಾಜನ್ನು ನೋಡುತ್ತಲೇ ತಲೆಯಾಡಿಸಿದ. ಪಕ್ಕದಲ್ಲಿ ನೇಜಾ ಬೆಲ್ಟು ಎಳೆದು, ಸಿಕ್ಕಿಸಿ, ಮತ್ತೊಮ್ಮೆ ಜಗ್ಗಿ ನೋಡಿದಳು.

ಗಂಟೆ ಮೂರೂಮುಕ್ಕಾಲು. ಮಾಪಕ ಸೊನ್ನೆಯಲ್ಲಿತ್ತು. ಬಂಡೆಯಿಂದ ಜಿನುಗಿದ ನೀರು ಅಲ್ಲಲ್ಲಿ ರಸ್ತೆಯನ್ನು ದಾಟಿತ್ತು, ಕೆಲವೆಡೆ ಹೊಳೆಯುತ್ತಿತ್ತು, ಕೆಲವೆಡೆ ಹೊಳೆಯುತ್ತಿರಲಿಲ್ಲ. ಹೊಳೆಯದ ಕಡೆಯೇ ಅವನಿಗೆ ಹೆಚ್ಚು ಭಯ, ಅಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಅಂಥ ಜಾಗ ಬಂದಾಗಲೆಲ್ಲ ಅವನು ಹಿಂದಿನವರಿಗೆ ತಿಳಿಯಲೆಂದು ಕೆಂಪು ದೀಪ ಮಿಣುಕಿಸಿ, ರಸ್ತೆಯ ಒಣ ಮಗ್ಗುಲಿಗೆ ಸರಿದು, ಮುಂದೆ ನೋಡುವುದನ್ನು ಬಿಟ್ಟು ಕನ್ನಡಿ ನೋಡುತ್ತಿದ್ದ. ಎರಡು ದೀಪಗಳು ತಗ್ಗಾಗಿ, ರಸ್ತೆಗೆ ಅಂಟಿಕೊಂಡಂತೆ ಬರುತ್ತಿದ್ದವು. ತಿರುವು ಬಂದಾಗ ಬಂಡೆ ಅವುಗಳನ್ನು ನುಂಗುತ್ತಿತ್ತು. ಅವನು ವೇಗ ತಗ್ಗಿಸಿ ಕಾಯುತ್ತಿದ್ದ. ಮತ್ತೆ ಬರುತ್ತಿದ್ದವು.

ಗಿರಣಿಯ ತಿರುವು ದಾಟಿ ಅವನು ನೇರ ರಸ್ತೆಗೆ ಬಂದ. ಕನ್ನಡಿಯಲ್ಲಿ ಬಂಡೆ, ಖಾಲಿ ಡಾಂಬರು, ಅಂಚಿನ ಬಿಳಿ ಹುಲ್ಲು. ವ್ಯಾನು ನಿಲ್ಲಿಸಿದ. ಕಿಟಕಿ ಇಳಿಸಿದ, ನದಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಇಳಿಯಲೆಂದು ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟವನಿಗೆ ಅದನ್ನು ಒತ್ತಲಾಗಲಿಲ್ಲ.

ಆಗ ಕನ್ನಡಿಯೊಳಗೆ, ಬಂಡೆಯ ಒದ್ದೆ ಮೈಮೇಲೆ, ರಸ್ತೆಗೆ ಅಂಟಿಕೊಂಡಂತೆ ತಗ್ಗಾದ ಹಳದಿ ಬೆಳಕೊಂದು ತೀರ ನಿಧಾನವಾಗಿ ಸರಿಯತೊಡಗಿತು. ದೀಪಗಳು ಇನ್ನೂ ಕಾಣಿಸಿರಲಿಲ್ಲ. ಬೆಳಕು ಮಾತ್ರ ಕಲ್ಲಿನಿಂದ ಕಲ್ಲಿಗೆ ತೆವಳುತ್ತ, ನಿಲ್ಲುತ್ತ, ಮತ್ತೆ ತೆವಳುತ್ತ ಬರುತ್ತಿತ್ತು.